ನೇರಳೆ ಬೆನ್ನಿನ ಎರಡು ಮೊದಲರ್ಧಗಳು

ದಪ್ಪ ಪುಸ್ತಕವನ್ನು ಕತ್ತರಿಸಿ ಓದುವುದು ನಾನು ಡೊಂಬಿವಲಿಯಲ್ಲಿ ಕಲಿತ ವಿದ್ಯೆ. ಬೆಳಗಿನ ಲೋಕಲ್‌ನಲ್ಲಿ ಒಂದು ಕೈ ಮೇಲಿನ ಹಿಡಿಯಲ್ಲಿದ್ದರೆ, ಉಳಿದ ಒಂದೇ ಕೈಯಲ್ಲಿ ಇಟ್ಟಿಗೆಯಂಥ ಕಂಪ್ಯೂಟರ್ ಪುಸ್ತಕ ನಿಲ್ಲುವುದಿಲ್ಲ. ಹಾಗಾಗಿ ಕಂಪ್ಯೂಟರ್ ಕ್ಲಾಸಿನವರೆಲ್ಲ ಹೊಸ ಪುಸ್ತಕ ಕೊಂಡು ಸೀದಾ ಸ್ಟೇಷನ್ ಹತ್ತಿರದ ಬೈಂಡರ್ ಕಾಕಾನ ಬಳಿಗೆ ಹೋಗುತ್ತಿದ್ದೆವು. ಆತ ಬೆನ್ನು ಬಿಚ್ಚಿ, ನಡುವೆ ಸೀಳಿ, ಎರಡು ತೆಳ್ಳಗಿನ ಪುಸ್ತಕ ಮಾಡಿಕೊಡುತ್ತಿದ್ದ. ಅವನ ತಮ್ಮ ಮದುವೆ ಬ್ಯಾಂಡಿನವರಿಗೆ ಅಂಗಿ ಹೊಲಿಯುತ್ತಿದ್ದ. ಅದರಲ್ಲಿ ಉಳಿದ ಬಟ್ಟೆಯೇ ನಮ್ಮ ಪುಸ್ತಕಗಳ ಬೆನ್ನಿಗೆ. ಆ ವರ್ಷ ಬ್ಯಾಂಡಿನ ಬಣ್ಣ ಹೊಳೆಯುವ ನೇರಳೆ.

ನನ್ನ ಪುಸ್ತಕ ದತ್ತಾಂಶ ವಿಶ್ಲೇಷಣೆಯದು. ಅಂಕಿಗಳನ್ನು ಹೇಗೆ ಜೋಡಿಸಬೇಕು, ಅವುಗಳಿಂದ ಒಂದು ವ್ಯಾಪಾರ ಹೊಸದೇನನ್ನು ಕಲಿಯಬಹುದು ಎಂಬುದು ಅದರ ವಿಷಯ. ನಾನು ಸಂಖ್ಯಾಶಾಸ್ತ್ರ ಓದಿದವಳು. ಆದರೆ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ದಿನವಿಡೀ ಬಿಲ್ಲುಗಳನ್ನು ಟೈಪ್ ಮಾಡುತ್ತಿದ್ದೆ. ಆ ಕಾರ್ಖಾನೆ ಗುಜರಾತಿಗೆ ಹೋಗುತ್ತದೆಂಬ ಮಾತು ಕ್ಯಾಂಟೀನಿನಲ್ಲಿ ಚಹಾದಷ್ಟೇ ನಿಯಮಿತವಾಗಿ ಬರುತ್ತಿತ್ತು. ಅಷ್ಟರಲ್ಲಿ ಮಹಾಪೆಯ ಒಂದು ಕಂಪನಿ ತನ್ನ ವಿಶ್ಲೇಷಣೆ ವಿಭಾಗಕ್ಕೆ ಸಂದರ್ಶನಕ್ಕೆ ಕರೆದಿತ್ತು. ಸಿಕ್ಕರೆ ಓದಿದ್ದು ಕೆಲಸಕ್ಕೆ ಬರುತ್ತದೆ. ಸಿಗದಿದ್ದರೆ ಬೆರಳು ಮಾತ್ರ ಕೆಲಸಕ್ಕೆ ಬರುತ್ತದೆ. ಹಾಗೆ ಯೋಚಿಸಿದ್ದು ಆಗಲೋ ಈಗ ಬರೆಯುವಾಗಲೋ ತಿಳಿಯದು. ಪುಸ್ತಕ ಕೈಗೆ ಬಂದ ದಿನ ನಿದ್ದೆ ಬಂದಿರಲಿಲ್ಲ ಎಂಬುದು ಮಾತ್ರ ಗಟ್ಟಿ.

"ಕತ್ತರಿಸಿದ ಪುಸ್ತಕದಲ್ಲಿ ವಿದ್ಯೆ ನಿಲ್ತದಾ ಮಾರಾಯ್ತಿ?" ಎಂದು ಅಮ್ಮ ಕೇಳಿದರು.

"ನಿಲ್ತದೆ. ನಿಲ್ಲಲಿಕ್ಕೆ ಜಾಗ ಇಲ್ಲದ್ದು ನನಗೆ."

ಮೊದಲ ಭಾಗವನ್ನು ನಾನು ನುಂಗಿದೆ ಎನ್ನಬೇಕು. ಸರಾಸರಿ ಹೇಗೆ ಮೋಸ ಮಾಡುತ್ತದೆ, ಒಟ್ಟು ಮೊತ್ತ ಸರಿಯಿದ್ದರೂ ಒಳಗೆ ಏನೆಲ್ಲ ಅಡಗಿರಬಹುದು ಎಂದು ಓದುತ್ತ, ಎರಡು ಸಲ ಠಾಣೆಯಲ್ಲಿ ಇಳಿಯಲು ಮರೆತು ಮುಲುಂಡಿಗೆ ಹೋಗಿ ವಾಪಸು ಬಂದೆ. ಆಮೇಲೊಂದು ಬೆಳಿಗ್ಗೆ ಎರಡನೆಯ ಭಾಗ ತೆರೆದೆ. ಮೊದಲ ಪುಟ ಎಲ್ಲೋ ಓದಿದಂತಿತ್ತು. ಇಂಥ ಪುಸ್ತಕಗಳು ಹೇಳಿದ್ದನ್ನೇ ಮತ್ತೆ ಹೇಳುತ್ತವೆ ಎಂದುಕೊಂಡು ಮುಂದುವರಿದೆ. ಮುಂದಿನ ಪುಟವೂ ಓದಿದ್ದೇ. ನನ್ನ ನೆನಪಿನ ಮೇಲೆ ನನಗೆ ಎಂದೂ ಪೂರ್ತಿ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುವುದು. ಹಾಗಾಗಿ ತಪ್ಪು ನನ್ನ ತಲೆಯದೇ ಎಂದು ಒಂದು ಅಧ್ಯಾಯ ಪೂರ್ತಿ ಓದಿದೆ. ಕಳವಾ ಬರುವ ಹೊತ್ತಿಗೆ ಪುಟಸಂಖ್ಯೆ ನೋಡುವ ಬುದ್ಧಿ ಬಂತು. ಒಂದು. ಎರಡು. ಮೂರು. ನನ್ನ ಬಳಿ ಇದ್ದದ್ದು ಒಂದೇ ಪುಸ್ತಕದ ಎರಡು ಮೊದಲರ್ಧ.

ಸಂಜೆ ಬೈಂಡರ್ ಕಾಕಾನ ಮುಂದೆ ಎರಡನ್ನೂ ಇಟ್ಟೆ. ಆತ ಕನ್ನಡಕ ಏರಿಸಿ ನೋಡಿ, ನಕ್ಕ. ಅದೇ ವಾರ ಅದೇ ಪುಸ್ತಕ ಇನ್ನೊಬ್ಬಳೂ ತಂದಿದ್ದಳಂತೆ. ಆತ ನಾಲ್ಕು ಅರ್ಧಗಳನ್ನೂ ಒಟ್ಟಿಗೆ ಹೊಲಿದು, ಎರಡೆರಡಾಗಿ ಕಟ್ಟಿ ಕೊಟ್ಟಿದ್ದ.

"ಚಾರ್ ಭಾಗ್ ಆಲೇ, ಚಾರ್ ಭಾಗ್ ಗೇಲೇ. ಹಿಶೋಬ್ ಬರೋಬರ್ ಆಹೇ, ತಾಯಿ," ಎಂದ. ನಾಲ್ಕು ಬಂದವು, ನಾಲ್ಕು ಹೋದವು, ಲೆಕ್ಕ ಸರಿಯಿದೆ.

"ಲೆಕ್ಕ ಸರಿ ಕಾಕಾ, ನನ್ನ ದ್ವಿತೀಯಾರ್ಧ ಎಲ್ಲಿ?"

ಅವಳ ಹೆಸರು ಆತನಿಗೆ ಗೊತ್ತಿರಲಿಲ್ಲ. ಕಲ್ಯಾಣ ಕಡೆಯಿಂದ ಬರುತ್ತಾಳೆ, ಬೆಳಿಗ್ಗೆ ಠಾಣೆಗೆ ಹೋಗುತ್ತಾಳೆ, ಜೋರು ಬಾಯಿ. ಇಷ್ಟೇ ಸುಳಿವು. ಅಂಗಡಿಗಳಲ್ಲಿ ಕೇಳಿದರೆ ಆ ಪುಸ್ತಕ ತರಿಸಬೇಕು, ತಿಂಗಳು ಹಿಡಿಯುತ್ತದೆ ಎಂದರು. ಸಂದರ್ಶನ ಅದಕ್ಕಿಂತ ಮೊದಲು.

ಮರುದಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಗುಂಪಿನವರಿಗೆ ಕಥೆ ಹೇಳಿದೆ. ಮಡಿಲಲ್ಲಿ ಗೋರಿಕಾಯಿ ಸೋಸುತ್ತ ಕೂತಿದ್ದ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಹಿರಿಯ ಕಾಕು ನನ್ನ ಕೈಯಿಂದ ಪುಸ್ತಕ ಕಸಿದು ಮೇಲೆತ್ತಿದರು. "ಜಾಂಭಳಾ ಪುಸ್ತಕ್! ಕುಣಾಕಡೇ ಆಹೇ ಕಾ?" ನೇರಳೆ ಪುಸ್ತಕ ಯಾರ ಬಳಿ ಇದೆ ಎಂಬ ಪ್ರಶ್ನೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಯಿತು, "ಇಲ್ಲ" ಎಂಬ ಉತ್ತರವೂ ಅಷ್ಟೇ ಬೇಗ ಬಂತು. ಆ ವಾರವೆಲ್ಲ ಹೀಗೇ. ಒಂದು ದಿನ ಬೇರೆ ಗಾಡಿ, ಒಂದು ದಿನ ಬೇರೆ ಡಬ್ಬಿ. ನನಗೆ ಭಯವಾಗಬೇಕಿತ್ತು. ಆದರೆ ನಿಜ ಹೇಳಬೇಕೆಂದರೆ, ಪ್ರತಿ ಬೆಳಿಗ್ಗೆ ಜಾತ್ರೆಗೆ ಹೊರಟಂತೆ ಹೊರಡುತ್ತಿದ್ದೆ.

ಮುಂಬ್ರಾ ದಾಟುವಾಗ, ಒಂದು ದಿನ, ಆ ತುದಿಯ ಬಾಗಿಲಿನಿಂದ ಕೂಗು ಬಂತು. "ಮೇರಾ ಹೈ! ವೋ ಪುಸ್ತಕ್ ಮೇರಾ ಹೈ!" ಅದರ ಬೆನ್ನಿಗೇ, ತನಗೆ ತಾನೇ ಎಂಬಂತೆ, "ಎಪ್ಪಾ, ಸಿಕ್ತು ನೋಡು!"

"ಕನ್ನಡವಾ?" ಎಂದು ನಾನು ಕಿರುಚಿದೆ.

"ಕಲಬುರ್ಗಿ! ನನ್ನ ಮೊದಲಿನ ಭಾಗ ನುಂಗಿದಾಕಿ ನೀನೇ ಏನು?"

"ನನ್ನ ಕಡೇ ಭಾಗ ನೀವು ಬಿಟ್ಟಿರಾ, ಎಂತ?"

ನಮ್ಮಿಬ್ಬರ ನಡುವೆ ಹೆಜ್ಜೆ ಇಡಲೂ ಜಾಗವಿರಲಿಲ್ಲ. ಮುಖ ಕಾಣುವ ಮೊದಲೇ ಪುಸ್ತಕಗಳು ಹೊರಟವು. ನನ್ನ ಒಂದು ಮೊದಲರ್ಧ ತಲೆಗಳ ಮೇಲೆ, ಕೈಯಿಂದ ಕೈಗೆ ಆ ಕಡೆ ಹೋಯಿತು. ಅವಳ ಒಂದು ಎರಡನೆಯರ್ಧ ಈ ಕಡೆ ಬಂತು. ನಡುವೆ ಎಲ್ಲೋ ಎರಡೂ ಒಂದನ್ನೊಂದು ದಾಟಿದವು, ಡಬ್ಬಿಗೆ ಡಬ್ಬಿಯೇ ಚಪ್ಪಾಳೆ ತಟ್ಟಿತು. ಚಪ್ಪಾಳೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಅವಳನ್ನು ಕೇಳಿದರೆ, "ಚಪ್ಪಾಳಿ ಎಲ್ಲಿಂದು? ಹಿಡಕೊಳ್ಳಾಕ ಒಂದ ಕೈ, ಪುಸ್ತಕ ದಾಟಸಾಕ ಒಂದ ಕೈ," ಎನ್ನುತ್ತಾಳೆ.

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಮೊದಲ ಸಲ ಎದುರುಬದುರು ನಿಂತೆವು. ಅವಳ ಅಪ್ಪ ಕಲಬುರ್ಗಿಯಿಂದ ಬಂದ ಕಟ್ಟಡದ ಮೇಸ್ತ್ರಿ, ಅವಳು ಬಿ.ಕಾಂ. ಮುಗಿಸಿ ಮಹಾಪೆಯಲ್ಲೇ ಬೇರೊಂದು ಸಾಗಣೆ ಕಂಪನಿಯಲ್ಲಿದ್ದಳು. ಬುಡವಿಲ್ಲದೆ ತುದಿ ಮಾತ್ರ ಓದಿದ್ದಳು, ಅದರಿಂದಲೇ ಆಫೀಸಿನ ಲಾರಿಗಳು ಎಲ್ಲಿ ಸುಮ್ಮನೆ ನಿಲ್ಲುತ್ತವೆ ಎಂಬ ನಕ್ಷೆಯನ್ನೂ ಮಾಡಿಟ್ಟಿದ್ದಳು!

"ತಿಳೀತಾ, ಮೊದಲ ಭಾಗ ಇಲ್ಲದೆ?"

"ತಿಳೀಲಿಲ್ಲ. ಮಾಡ್ದೆ. ಈಗ ಯಾಕ ಬಂತು ಅಂತ ನೀ ಹೇಳು."

ಅಂದಿನಿಂದ ಡೊಂಬಿವಲಿಯಿಂದ ಠಾಣೆಯವರೆಗೆ ಅದೇ ನಮ್ಮ ಶಾಲೆ. ನಾನು "ಯಾಕೆ" ಹೇಳುತ್ತಿದ್ದೆ, ಅವಳು "ಹೆಂಗ" ಹೇಳುತ್ತಿದ್ದಳು. ಠಾಣೆಯಲ್ಲಿ ಅವಳು ಮಹಾಪೆ ಕಡೆ ಹೋಗುವ ವಾಶಿ ಗಾಡಿಗೆ ಓಡುತ್ತಿದ್ದಳು, ನಾನು ವಾಗ್ಳೆ ಎಸ್ಟೇಟಿನ ಬಸ್ಸಿಗೆ. ಓಡುತ್ತಲೇ ಒಂದು ಮಾತು ಕೂಗುತ್ತಿದ್ದಳು: "ಚಿತ್ರ ಬಿಡಸೂಕಿಂತ ಮೊದಲ, ಅಂಕಿ ತಾರೀಕಿನ ಪ್ರಕಾರ ಜೋಡ್ಸು, ಮರೀಬ್ಯಾಡ!"

ಸಂದರ್ಶನದ ದಿನ ಮಹಾಪೆಯಲ್ಲಿ ನನ್ನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಎರಡು ಗೋದಾಮುಗಳ ಒಂದು ತಿಂಗಳ ಸಾಗಣೆಯ ವಿವರ, ಒಂದು ಭಿವಂಡಿಯದು, ಇನ್ನೊಂದು ತುರ್ಭೆಯದು. ಯಾವುದು ಚೆನ್ನಾಗಿ ಕೆಲಸ ಮಾಡುತ್ತಿದೆ, ತುರ್ಭೆಯಲ್ಲೇ ಯಾಕೆ ಇಷ್ಟು ತಡ ಎಂದು ಹೇಳಬೇಕು. ನನಗಿಂತ ಮೊದಲು ಬಂದವರು ಬಣ್ಣಬಣ್ಣದ ಕಂಬಗಳನ್ನು ಬಿಡಿಸಿ ಹೋಗಿದ್ದರು. ನನಗೆ ಬೇರೇನೂ ತೋಚದೆ ತಾರೀಕಿನ ಪ್ರಕಾರ ಜೋಡಿಸಿದೆ.

ಭಿವಂಡಿಯಲ್ಲಿ ತಿಂಗಳ ಮೊದಲ ಹದಿನೈದು ದಿನಗಳಷ್ಟೇ ಇದ್ದವು, ಒಂದೊಂದು ತಾರೀಕೂ ಎರಡೆರಡು ಸಲ. ತುರ್ಭೆಯಲ್ಲಿ ಕೊನೆಯ ಹದಿನೈದು ದಿನಗಳಷ್ಟೇ, ಅವೂ ಎರಡೆರಡು ಸಲ.

"ಅಯ್ಯೋ, ಬೈಂಡರ್!" ಎಂದುಬಿಟ್ಟೆ.

"ಕೌನ್ ಬೈಂಡರ್?" ಎಂದರು ಸಂದರ್ಶನ ಮಾಡುತ್ತಿದ್ದ ಮೇಡಂ.

ಹೇಳಿದೆ. ಎರಡೂ ಗೋದಾಮುಗಳ ಎರಡೆರಡು ಅರ್ಧಗಳನ್ನು ಯಾರೋ ತಪ್ಪಾಗಿ ಕಟ್ಟಿದ್ದಾರೆ. ನಾಲ್ಕೂ ಇವೆ, ಒಟ್ಟು ಸರಿಯಿದೆ, ಆದ್ದರಿಂದ ಯಾರಿಗೂ ಸಂಶಯ ಬಂದಿಲ್ಲ. ತಿಂಗಳ ಕೊನೆಯ ಗಡಿಬಿಡಿಯೆಲ್ಲ ಒಂದೇ ಗೋದಾಮಿನ ತಲೆಗೆ ಬಂದಿದೆ. ತುರ್ಭೆಯ ತಪ್ಪು ಇಲ್ಲದೇ ಇರಬಹುದು. ಹೇಳುತ್ತ ಹೇಳುತ್ತ ನೇರಳೆ ಬಟ್ಟೆ, ತಲೆಗಳ ಮೇಲೆ ಹೋದ ಪುಸ್ತಕ, ಎಲ್ಲ ಹೇಳಿದೆ. ಮೇಡಂ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಪರದೆ ನೋಡಿದರು. ಆಮೇಲೆ ಫೋನ್ ಎತ್ತಿ ಯಾರನ್ನೋ ಕರೆದರು. ಅದು ನಮಗಾಗಿ ಹೆಣೆದ ಪರೀಕ್ಷೆಯಾಗಿರಲಿಲ್ಲ. ನಿಜವಾದ ತಪ್ಪೇ ಆಗಿತ್ತು.

ಇಷ್ಟು ಸರಿಯಾಗಿ ಹೊಂದಿಕೊಳ್ಳುವ ನೆನಪನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆ ದಿನದ ದಿನಚರಿ ತೆಗೆದು ನೋಡಿದೆ. ಅಲ್ಲಿರುವುದು ಇಷ್ಟೇ: "ಬೈಂಡರ್ ಅಂದೆ. ನಕ್ಕರು. ಸೋಮವಾರದಿಂದ ಬಾ ಅಂದರು."

ಸೋಮವಾರ ಠಾಣೆಯಲ್ಲಿ ಇಳಿದು ಅಭ್ಯಾಸಬಲದಿಂದ ಬಸ್ಸಿನ ಕಡೆ ತಿರುಗಿದ್ದೆ. ಅವಳು ನನ್ನ ಚೀಲದ ಪಟ್ಟಿ ಹಿಡಿದು ಎಳೆದಳು.

"ಎಲ್ಲಿಗೆ ಹೊಂಟಿ? ಇವತ್ತಿಂದ ನಿಂದೂ ವಾಶಿ ಗಾಡಿ. ನಡಿ, ಸೇತುವಿ ಹತ್ತು!"

ಇಬ್ಬರೂ ಓಡಿದೆವು.