ಹಿಂಡಬಾರದ ಬಟ್ಟೆ

ಕವಳೆ ಹಣ್ಣಿನ ಕಾಲ ಬಂದರೆ ಪಕ್ಕದ ಮನೆಯ ಅಕ್ಕನ ಉಗುರುಗಳ ಸಂದಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಎರಡೂ ಕೈಯದೋ, ಬಲಗೈಯದು ಮಾತ್ರವೋ, ಈಗ ಹೇಳಲಾರೆ. ನೆನೆದಾಗಲೆಲ್ಲ ಆ ಬಣ್ಣ ಮೊಣಕೈವರೆಗೂ ಏರಿಬಿಡುತ್ತದೆ, ಅದನ್ನು ನಂಬಬೇಡಿ.

ತೊಂಬತ್ತರ ದಶಕದ ಆರಂಭ. ಕಚೇರಿ ಕೆಲಸಕ್ಕೆಂದು ಚಾಮರಾಜನಗರಕ್ಕೆ ಬಂದು, ಅವರ ಗೋಡೆಗೆ ಅಂಟಿದ ಮನೆಯಲ್ಲಿ ಬಾಡಿಗೆಗಿದ್ದೆ. ತವರು ತೆರಕಣಾಂಬಿಯಿಂದ ಅವರು ಜೆಲ್ಲಿ ಮಾಡಲು ಬೇಲಿಯ ಹಣ್ಣನ್ನು ಬಸ್ಸಿನಲ್ಲಿ ಚೀಲಗಟ್ಟಲೆ ತರುತ್ತಿದ್ದರು. ಕಪ್ಪಗೆ ಕಳಿತದ್ದರ ಜೊತೆ ಕೆಂಪು ದೋರುಗಾಯಿಯೂ ಒಂದಿಷ್ಟು ಬೇಕು, ಇಲ್ಲದಿದ್ದರೆ ಜೆಲ್ಲಿ ಗಟ್ಟಿಯಾಗದು. ಬೇಯಿಸಿ, ಕಿವುಚಿ, ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ನೇತುಹಾಕುತ್ತಿದ್ದರು. ಕೆಳಗಿನ ಪಾತ್ರೆಗೆ ರಸ ತೊಟ್ಟು ತೊಟ್ಟಾಗಿ ಬೀಳಬೇಕು. ಒಮ್ಮೆ ತಾಳ್ಮೆಗೆಟ್ಟು ನಾನು ಗಂಟನ್ನು ಹಿಂಡಲು ಹೋದೆ.

"ಅದೇನು ಎಮ್ಮೆ ಕೆಚ್ಚಲಾ? ತಗಿ ಕೈಯ! ಇಂಡುದ್ರೆ ಬಗ್ಗಡ ಆಯ್ತದೆ ಕಣಮ್ಮಿ."

ಸಕ್ಕರೆ ಬೆರೆಸಿ ಕುದಿಸಿ, ಬಾಟಲಿಯಲ್ಲಿ ಆರಿದ ಮೇಲೆ ಕಿಟಕಿಗೆ ಹಿಡಿಯುತ್ತಿದ್ದರು. ಆಚೆಯ ಬೀದಿ ಅದರೊಳಗಿಂದ ಕೆಂಪಗೆ ಕಾಣಬೇಕು, ಆಗಲೇ ಸಮಾಧಾನ.

"ನೋಡು, ಎದುರುಮನೆ ಮೇಕೆ ಮದ್ವೆ ಎಣ್ಣಂಗೆ ಕಾಣ್ತದೆ!"

ಕೆಲವು ವರ್ಷಗಳಾದ ಮೇಲೆ ಅವರ ಗಂಟಲಲ್ಲಿ ಗಡ್ಡೆ ಬೆಳೆಯಿತು. ಮೈಸೂರಿನ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಗಂಜಿಯೂ ಇಳಿಯುತ್ತಿರಲಿಲ್ಲ. ಜೆಲ್ಲಿಯಾದರೆ ಜಾರೀತು ಎಂದು ಅವರಿಗೇ ಅನ್ನಿಸಿತು. ಗಂಡ ತೆರಕಣಾಂಬಿಗೆ ಹೋಗಿ ಸಿಕ್ಕಷ್ಟು ಹಣ್ಣು ತಂದರು. ನಾನು ಬೇಯಿಸಿ, ಮಂಚಕ್ಕೆ ಕಾಣುವ ಹಾಗೆ ಗಂಟನ್ನು ನೇತುಹಾಕಿದೆ. ಒಂದು ತೊಟ್ಟು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅಕ್ಕ ಅದನ್ನೇ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ, ದನಿಯೇ ಇಲ್ಲದ ದನಿಯಲ್ಲಿ:

"ಇಂಡ್ಬುಡಮ್ಮಿ."

ಹಿಂಡಿದೆ.

ಜೆಲ್ಲಿ ಹೆಪ್ಪುಗಟ್ಟಿತು, ಕೆಸರಿನ ಹಾಗೆ. ಚಮಚದ ತುದಿಯಲ್ಲಿ ನಾಲಿಗೆಗಿಟ್ಟೆ. ಒಳಗೆ ಇಳಿಯಲಿಲ್ಲ, ತುಟಿಯ ಅಂಚಿನಿಂದ ಹಾಗೇ ಹೊರಬಂತು. ಸೆರಗಿನಿಂದ ಒರೆಸಿದೆ. ಮತ್ತೆ ಇಟ್ಟೆ. ಮತ್ತೆ ಒರೆಸಿದೆ. ಆಮೇಲೆ ಅವರು ಬಾಟಲಿಯತ್ತ ಕಣ್ಣು ಹೊರಳಿಸಿದರು. ಕಿಟಕಿಗೆ ಹಿಡಿದೆ.

"ಕಾಣ್ತದಾ?" ಅಕ್ಕನ ತುಟಿ ಅಲುಗಿತು.

ಏನೂ ಕಾಣುತ್ತಿರಲಿಲ್ಲ.

"ಮೇಕೆ ಕಾಣ್ತಿದೆ ಅಕ್ಕ," ಎಂದೆ.

ಅಕ್ಕ ನಕ್ಕರು ಎಂದು ಬರೆದುಬಿಡಬಹುದು. ನಕ್ಕದ್ದನ್ನು ನಾನು ನೋಡಿಲ್ಲ. ಕಣ್ಣು ಮುಚ್ಚಿಕೊಂಡರು, ಅಷ್ಟೇ. ಆ ವಾರವೇ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ಅವರ ಗಂಡ ಬಂದು ಆ ಬಾಟಲಿಯನ್ನು ನನ್ನ ಕೈಗಿಟ್ಟರು. ಹೆಚ್ಚುಕಡಿಮೆ ತುಂಬಿಯೇ ಇತ್ತು.