ಮಾಗಳದ ನರ್ಸಮ್ಮನ ಫೋನು

೨೦೦೭ನೇ ಇಸವಿ. ಹೂವಿನಹಡಗಲಿಯ ಬಸ್ ನಿಲ್ದಾಣದ ಹತ್ತಿರ ನಮ್ಮ ತಂದೆಯ ರೇಡಿಯೋ ರಿಪೇರಿ ಅಂಗಡಿ ಇತ್ತು. ಅದರ ಅರ್ಧ ಜಾಗದಲ್ಲಿ ನಾನು ಮೊಬೈಲ್ ರಿಪೇರಿ ಕೌಂಟರ್ ನಡೆಸುತ್ತಿದ್ದೆ. ಹೆಂಗಸೊಬ್ಬಳು ಸೋಲ್ಡರಿಂಗ್ ಐರನ್ ಹಿಡಿದು ಕೂತದ್ದನ್ನು ನೋಡಲೆಂದೇ ಕೆಲವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ನೋಡಿ ಸಾಕಾದ ಮೇಲೆ ಫೋನು ಕೊಟ್ಟು ಹೋಗುತ್ತಿದ್ದರು. ನನಗೆ ಬೇಕಾಗಿದ್ದೂ ಅದೇ.

ನನ್ನ ಕೆಲಸದಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದು ಪರಮೇಶಣ್ಣನಿಂದ. ಅವನು ಹರಪನಹಳ್ಳಿಯ ಕಡೆಯವನು, ನಮ್ಮ ಊರಿನಲ್ಲಿ ಮೊಬೈಲ್ ವ್ಯಾಪಾರ ಮಾಡಿಕೊಂಡಿದ್ದ. ಆ ವರ್ಷ ಅವನು ಪಟ್ಟಣದಿಂದ ಸೆಕೆಂಡ್ ಹ್ಯಾಂಡ್ ಸ್ಮಾರ್ಟ್‌ಫೋನುಗಳನ್ನು ಚೀಲಗಟ್ಟಲೆ ತಂದು ಮಾರತೊಡಗಿದ. ಈಗಿನಂತೆ ಗಾಜಿನ ಫೋನುಗಳಲ್ಲ, ಗುಂಡಿಗಳೇ ಇದ್ದವು. ಆದರೆ ಕಂಪ್ಯೂಟರಿನಂತೆ ಹೊಸ ಪ್ರೋಗ್ರಾಂ ಹಾಕಿಕೊಳ್ಳಬಹುದಿತ್ತು, ಹಾಡು, ಚಿತ್ರಗಳನ್ನು ಬ್ಲೂಟೂತ್ ಮೂಲಕ ಪಕ್ಕದವರಿಗೆ ಕಳಿಸಬಹುದಿತ್ತು. ಅಂಥದ್ದೊಂದು ಕೈಯಲ್ಲಿದ್ದರೆ ಊರಿನಲ್ಲಿ ಗತ್ತು.

ಒಂದು ಬೆಳಿಗ್ಗೆ ಹತ್ತಿರದ ಮಾಗಳ ಹಳ್ಳಿಯ ನರ್ಸ್ ಸರೋಜಕ್ಕ ಅಂಗಡಿಗೆ ಬಂದು, ಪರಮೇಶಣ್ಣನಿಂದ ಕೊಂಡ ಅಂಥ ಒಂದು ಫೋನನ್ನು ಕೌಂಟರಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು.

“ನೋಡವ್ವಾ ಶಮೀಮಾ, ಇದು ಫೋನೋ ಏನು ಇಟ್ಟಂಗಿಯೋ? ಮುಂಜಾನಿ ಫುಲ್ ಚಾರ್ಜ್ ಮಾಡಿದ್ರ ಮಧ್ಯಾಹ್ನಕ್ಕ ಸತ್ತು ಹೋಗತೈತಿ.”

ಹಿಂದಿನ ದಿನ ಆಗಿದ್ದನ್ನು ಹೇಳುವಾಗ ಅವಳ ಧ್ವನಿ ಇಳಿಯಿತು. ಹೊಲದ ಮನೆಯಲ್ಲಿದ್ದ ಹುಲಿಗೆಮ್ಮ ಎಂಬ ಬಸುರಿಗೆ ಮಧ್ಯಾಹ್ನ ನೋವು ಬಂದಿದೆ. ಮನೆಯವರು ಸರೋಜಕ್ಕನ ಫೋನಿಗೆ ಹಚ್ಚಿದ್ದಾರೆ, ಹಚ್ಚುತ್ತಲೇ ಇದ್ದಾರೆ. ಫೋನು ಸತ್ತಿತ್ತು. ಅವಳಿದ್ದದ್ದು ಒಂದು ಓಣಿ ಆಚೆ, ಕೂಸುಗಳಿಗೆ ಲಸಿಕೆ ಹಾಕುತ್ತಾ. ಕಡೆಗೆ ಟ್ರ್ಯಾಕ್ಟರ್ ಟ್ರೇಲರಿನಲ್ಲೇ ಹೆರಿಗೆಯಾಗಿ, ರಕ್ತ ಹೋಗಿ, ಹಡಗಲಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹುಲಿಗೆಮ್ಮನಿಗೆ ಮೈಮೇಲೆ ಎಚ್ಚರ ಇರಲಿಲ್ಲ.

“ಉಳದಾಳ. ತಾಯಿ ಕೂಸು ಇಬ್ರೂ ಉಳದಾರ,” ಎಂದಳು ಸರೋಜಕ್ಕ. “ಆದ್ರ ಅಕಿ ಅತ್ತಿ ನನ್ನ ಮುಖ ನೋಡಿದ್ದು ನಾ ಮರಿಯಂಗಿಲ್ಲ.”

ಬ್ಯಾಟರಿ ಪರೀಕ್ಷಿಸಿದೆ, ಚೆನ್ನಾಗಿತ್ತು. ಚಾರ್ಜರ್ ಚೆನ್ನಾಗಿತ್ತು. ಒಳಗಿನ ಫೈಲುಗಳನ್ನು ತೆರೆದಾಗ ಕಳ್ಳ ಸಿಕ್ಕಿದ: ವೈರಸ್. ಫೋನು ಹೊಕ್ಕ ಮೇಲೆ ಅದು ಬ್ಲೂಟೂತನ್ನು ತಾನೇ ಆನ್ ಮಾಡಿಕೊಂಡು, ಸುತ್ತಮುತ್ತ ಬೇರೆ ಫೋನು ಇದೆಯೇ ಎಂದು ಬಿಡುವಿಲ್ಲದೆ ಹುಡುಕುತ್ತದೆ. ಸಿಕ್ಕ ಫೋನಿಗೆ ತನ್ನ ಪ್ರತಿಯನ್ನು ಕಳಿಸುತ್ತದೆ. ಆ ಹುಡುಕಾಟದಲ್ಲೇ ಬ್ಯಾಟರಿ ಬರಿದಾಗುತ್ತದೆ. ಎದುರಿನ ಫೋನಿನಲ್ಲಿ ‘ಫೈಲ್ ಬಂದಿದೆ, ಸ್ವೀಕರಿಸಬೇಕೇ?’ ಎಂದು ಕೇಳುತ್ತದೆ. ನೋ ಎಂದರೆ ಮತ್ತೆ ಕೇಳುತ್ತದೆ. ಯೆಸ್ ಎನ್ನುವವರೆಗೂ ಬಿಡುವುದಿಲ್ಲ.

“ಹೌದು ನೋಡು,” ಎಂದಳು ಸರೋಜಕ್ಕ. “ಕೂಸಿನ ತೂಕ ಮಾಡಾಕತ್ತಿದ್ದೆ, ಕುಯ್ ಕುಯ್ ಅಂತು. ಸಿಟ್ಟು ಬಂದು ಏನೋ ಒಂದು ಒತ್ತಿದೆ.”

ಅವಳ ಜಾಗದಲ್ಲಿ ಯಾರಿದ್ದರೂ ಒತ್ತುತ್ತಿದ್ದರು. ನಾನು ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ, ಬ್ಲೂಟೂತ್ ಬಂದ್ ಮಾಡಿ ಕೊಟ್ಟೆ. ವಾರದೊಳಗೆ ಅದೇ ರೋಗ ಹೊತ್ತು ಮರಳಿ ಬಂತು. ಅವಳ ಗಂಡ ಹಾಡು ಹಾಕಿಸಿಕೊಳ್ಳಲು ಬ್ಲೂಟೂತ್ ಆನ್ ಮಾಡಿದ್ದ.

ಬಳ್ಳಾರಿಯ ಸರ್ವೀಸ್ ಸೆಂಟರಿಗೆ ಫೋನು ಮಾಡಿದೆ. ಅಲ್ಲಿನ ಎಂಜಿನಿಯರ್ ವಿವರಿಸಿದ. ಹೊಸ ಮಾಡೆಲ್‌ಗಳ ಸಾಫ್ಟ್‌ವೇರ್‌ನಲ್ಲಿ ಕಾವಲು ಬಿಗಿ ಮಾಡಿದ್ದಾರೆ. ಪ್ರೋಗ್ರಾಮಿಗೆ ಕಂಪನಿಯ ಒಪ್ಪಿಗೆಯ ಮುದ್ರೆ ಇಲ್ಲದಿದ್ದರೆ ಫೋನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಈ ಹಳೆಯ ಮಾಡೆಲ್ ಮಾತ್ರ ಯೆಸ್ ಎಂದರೆ ಏನನ್ನೂ ನುಂಗುತ್ತದೆ. ಇದಕ್ಕೆ ಹೊಸ ಸಾಫ್ಟ್‌ವೇರ್ ಯಾವಾಗ ಬರುತ್ತದೆ ಎಂದು ಕೇಳಿದೆ. “ಬರಲ್ಲ ಮೇಡಂ. ಈ ಮಾಡೆಲ್‌ಗೆ ಅಪ್‌ಡೇಟ್ ನಿಲ್ಲಿಸಿದ್ದಾರೆ,” ಎಂದ.

ಪರಮೇಶಣ್ಣನ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಆ ಫೋನು ವಾಪಸ್ ತಗೊಂಡು ನರ್ಸಮ್ಮನಿಗೆ ಒಂದು ಸಾದಾ ಫೋನು ಕೊಡಿ ಎಂದು ಕೇಳಿದೆ. ಅವನು ನಕ್ಕ.

“ಕ್ಲೀನ್ ಮಾಡಿ ಕೊಡವ್ವ, ಅಷ್ಟ ನಿನ್ ಕೆಲ್ಸ. ಮತ್ತ ಬಂದ್ರ ಮತ್ತ ಕ್ಲೀನ್ ಮಾಡು. ನಿನಗೂ ಗಿರಾಕಿ, ನನಗೂ ಗಿರಾಕಿ.”

“ಅಣ್ಣಾರ, ಇನ್ನ ಆ ಫೋನಿಗೆ ನಾನು ಕೈ ಹಚ್ಚಂಗಿಲ್ಲ. ಅಂಥವು ಇನ್ನೂ ನಿಮ್ಮ ಹತ್ರ ಅದಾವಲ್ಲ, ಅವಕ್ಕೂ ಹಚ್ಚಂಗಿಲ್ಲ. ಕೇಳಿದವ್ರಿಗೆ ಯಾಕಂತನೂ ಹೇಳ್ತೀನಿ.”

ಅವನ ನಗು ನಿಂತಿತು. “ಹಂಗಾರ ನನ್ ಅಂಗಡಿ ಕೆಲ್ಸ ನಾಳಿಯಿಂದ ನಿನಗ ಬರಂಗಿಲ್ಲ. ತಿಳ್ಕೊ.”

“ಬ್ಯಾಡ ಬಿಡ್ರಿ,” ಎಂದು ಎದ್ದು ಬಂದೆ. ರಸ್ತೆ ದಾಟುವಾಗ ತಿರುಗಿ ನೋಡಲಿಲ್ಲ.

ಅವನಿಗಿಂತ ಕಷ್ಟವಾದದ್ದು ಅಬ್ಬಾನನ್ನು, ಅಂದರೆ ನಮ್ಮ ತಂದೆಯನ್ನು, ಒಪ್ಪಿಸುವುದು. ಮನೆಯಲ್ಲಿ ನಮ್ಮ ಮಾತು ಉರ್ದು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವರು ಅವರು. ಸುಟ್ಟುಹೋದ ಟ್ರಾನ್ಸ್‌ಫಾರ್ಮರಿಗೆ ಕೈಯಿಂದಲೇ ತಂತಿ ಸುತ್ತಿ ಜೀವ ಕೊಟ್ಟವರು.

“ಬೇಟಿ, ರಿಪೇರಿ ಆಗೋದಿಲ್ಲ ಅಂತ ಈ ಅಂಗಡಿಯಲ್ಲಿ ಯಾರೂ ಹೇಳಿಲ್ಲ. ಬ್ಲೂಟೂತ್ ಬಂದ್ ಮಾಡಿ ಇಟ್ಟರೆ ಮುಗೀತಲ್ಲ?”

“ಅಬ್ಬಾ, ನಿಮ್ಮ ರೇಡಿಯೋ ಕೆಟ್ಟರೆ ಹಾಡು ನಿಲ್ಲುತ್ತಿತ್ತು. ಇದು ಕೆಟ್ಟರೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಮನೆಯವರೊಬ್ಬರು ಮರೆತು ಒಂದು ಗುಂಡಿ ಒತ್ತಿದರೆ ಆಯಿತು. ಒಳಗಿನ ಕಾವಲು ಕಂಪನಿಯೇ ಕಳಿಸಬೇಕು. ಅವರು ಕೈ ಬಿಟ್ಟಾಗಿದೆ. ಅದನ್ನು ಬೆಸುಗೆ ಹಾಕಿ ಕೂಡಿಸಲು ನನ್ನಿಂದಾಗದು, ನಿಮ್ಮಿಂದಲೂ ಆಗದು.”

ಅಬ್ಬಾ ಬೆನ್ನು ತಿರುಗಿಸಿ ತಮ್ಮ ಕೆಲಸಕ್ಕೆ ಕೂತರು.

ಮೂರನೆಯ ದಿನ ಪರಮೇಶಣ್ಣನೇ ಬಂದ. ಸಂತೆಯ ದಿನ, ಅಂಗಡಿ ಮುಂದೆ ಜನ. ಎಲ್ಲರಿಗೂ ಕೇಳುವಂತೆ, “ಈಕಿಗೆ ಕೆಲ್ಸ ಬರಂಗಿಲ್ರೀ. ಬರದಿದ್ದಕ್ಕ ಫೋನಿಗೆ ರೋಗ ಅಂತಾಳ. ಹೆಣ್ಮಕ್ಕಳು ಮಾಡೋ ಕೆಲ್ಸ ಏನ್ರೀ ಇದು?” ಎಂದು ಕೂಗಾಡಿದ.

ಸರೋಜಕ್ಕ ಅಲ್ಲೇ ಇದ್ದಳು. ನಾನು ಇನ್ನೂ ರೋಗ ಹೊತ್ತಿದ್ದ ಅವಳ ಫೋನು ಆನ್ ಮಾಡಿ ಕೌಂಟರಿನ ಮೇಲಿಟ್ಟೆ. “ಅಣ್ಣಾರ, ನಿಮ್ಮ ಜೇಬಿನಾಗಿನ ಫೋನು ಬ್ಲೂಟೂತ್ ಆನ್ ಮಾಡಿ ಇದರ ಬಾಜು ಇಡ್ರಿ. ರೋಗ ಇಲ್ಲಲ್ಲ, ಹೆದರಿಕಿ ಯಾಕ?”

ಅವನ ಕೈ ಜೇಬಿನತ್ತ ಹೋಯಿತು, ಅಲ್ಲೇ ನಿಂತಿತು. ಫೋನು ಹೊರಗೆ ಬರಲಿಲ್ಲ.

ಆಗ ಸರೋಜಕ್ಕ ಕೇಳಿದಳು. ಕೂಗಲಿಲ್ಲ; ಆಸ್ಪತ್ರೆಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು. “ನಿಮ್ಮ ಸೊಸಿಗೆ ದಿನ ತುಂಬ್ಯಾವ ಅಂತ ಕೇಳೀನಿ. ನೋವು ಬಂದಾಗ ನನ್ನ ಕರೀಬೇಕು ಅಂದ್ರ, ಈ ಫೋನಿಗೆ ಹಚ್ತೀರೇನು?”

ಪರಮೇಶಣ್ಣ ಏನೋ ಗೊಣಗಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದ. ಅಬ್ಬಾ ತಮ್ಮ ಸ್ಟೂಲಿನಿಂದ ಎದ್ದು ಬಂದು ಕೌಂಟರಿನಲ್ಲಿ ನನ್ನ ಪಕ್ಕ ನಿಂತರು. “ಮುಂದಿನವ್ರು ಯಾರ್ರಿ? ಬರ್ರಿ,” ಎಂದು ಜನರನ್ನು ಕರೆದರು. ನಾನು ಅಂದು ಹೇಳಿದ್ದಕ್ಕೆ ಅದೇ ಅವರು ಕೊಟ್ಟ ಉತ್ತರ.

ಪರಮೇಶಣ್ಣ ಫೋನು ವಾಪಸ್ ತಗೊಳ್ಳಲಿಲ್ಲ, ನನಗೆ ಕೆಲಸವನ್ನೂ ಕೊಡಲಿಲ್ಲ. ಸರೋಜಕ್ಕ ಮಾತಾಡಲು ಮತ್ತು ಮೆಸೇಜು ಕಳಿಸಲು ಮಾತ್ರ ಬರುವ ಒಂದು ಚಿಕ್ಕ ಫೋನು ಕೊಂಡಳು. ಹೊರಗಿನ ಪ್ರೋಗ್ರಾಂ ಹೊಗಿಸಲು ಅದರಲ್ಲಿ ಬಾಗಿಲೇ ಇರಲಿಲ್ಲ. ಆ ವರ್ಷ ನಮ್ಮ ಅಂಗಡಿ ಸೊರಗಿತು, ಅಬ್ಬಾ ಮತ್ತೆ ಮಿಕ್ಸರ್, ಟೇಬಲ್ ಫ್ಯಾನು ಹಿಡಿದರು. ಆದರೆ ಹೊಳಲು, ಕೊಟ್ಟೂರು ಕಡೆಯಿಂದ ಜನ ಬರತೊಡಗಿದರು. ರಿಪೇರಿಗಲ್ಲ, “ಇದನ್ನ ಇಟ್ಕಬೇಕೋ, ಬಿಡಬೇಕೋ, ಹೇಳವ್ವ” ಎಂದು ಕೇಳಲು. ಅದೇ ಮೆಲ್ಲಗೆ ನನ್ನ ಉದ್ಯೋಗವಾಯಿತು.

ಈಗಿನ ಫೋನುಗಳಲ್ಲಿ ಬ್ಯಾಂಕು, ಗುರುತಿನ ಚೀಟಿ, ಮನೆಯವರ ಫೋಟೊ ಎಲ್ಲವೂ ಇವೆ. ಗಿರಾಕಿ ಬಂದು “ಸ್ಕ್ರೀನ್ ಛಲೋ ಐತಿ, ಬ್ಯಾಟರಿ ಛಲೋ ಐತಿ, ಇನ್ನೆರಡು ವರ್ಷ ನಡಸ್ರಿ” ಎನ್ನುತ್ತಾನೆ. ನಾನು ಮೊದಲು ನೋಡುವುದು ಅದಕ್ಕೆ ಕೊನೆಯ ಸೆಕ್ಯೂರಿಟಿ ಅಪ್‌ಡೇಟ್ ಬಂದದ್ದು ಯಾವಾಗ ಎಂದು. ಇನ್ನು ಬರುವುದಿಲ್ಲ ಎಂದು ಖಾತ್ರಿಯಾದರೆ, ಬ್ಯಾಂಕಿನ ಕೆಲಸಕ್ಕೆ ಇದನ್ನು ಇಟ್ಟುಕೊಳ್ಳಬೇಡಿ, ಬದಲಾಯಿಸಿ ಎನ್ನುತ್ತೇನೆ. ಬದಲಾಯಿಸಬೇಕಾದ್ದನ್ನು ಬದಲಾಯಿಸಿ ಎನ್ನುವುದೂ ರಿಪೇರಿಯವರ ಕೆಲಸವೇ ಎಂದು ಈ ವೃತ್ತಿ ನನಗೆ ಕಲಿಸಿತು. ಸಿಟ್ಟಾಗಿ ಫೋನು ಕಸಿದುಕೊಂಡು ಹೋಗುವವರು ಈಗಲೂ ಇದ್ದಾರೆ. ಹೋಗಲಿ. ನಾನು ಹೇಳಿದ್ದು ಕಿವಿಗೆ ಬಿದ್ದಿರುತ್ತದೆ. ಬೇರೆ ಅಂಗಡಿಯವರು ಹೇಳದಿದ್ದರೂ ನಾನಂತೂ ಹೇಳುತ್ತಲೇ ಇರುತ್ತೇನೆ.