ನೆಟ್ಟಗಾದ ಗುರಾಣಿ

ನಿನ್ನೆ ಇವರು ಆಫೀಸಿನ ಪೋಸ್ಟ್ ಬಾಕ್ಸಿನಿಂದ ತಂದ ಲಕೋಟೆಯನ್ನು ಮೂಸಿದಾಗಲೇ ಗೊತ್ತಾಯಿತು, ಇದು ಹೆಲ್ಗಾ ಆಂಟಿಯದು. ಅವರ ಕಪಾಟು ತೆರೆದರೆ ಬರುತ್ತಿದ್ದ ಅದೇ ಲ್ಯಾವೆಂಡರ್ ವಾಸನೆ. ದೀಪ ಹಚ್ಚಿಯೇ ಒಡೆಯೋಣವೆಂದು ಗಣಪತಿಯ ಪಟದೆದುರು ಇಟ್ಟೆ. ಮಗಳ ಮಾರ್ಕ್ಸ್‌ಕಾರ್ಡಿನಿಂದ ಹಿಡಿದು ವೀಸಾ ಕಾಗದದವರೆಗೆ ಎಲ್ಲವನ್ನೂ ದೇವರಿಗೆ ಮೊದಲು ತೋರಿಸುವ ಚಾಳಿ ನನ್ನದು.

ಈ ಕೊಲ್ಲಿ ದೇಶದಲ್ಲಿ, ಊದ್ ಮೇಥಾದ ನಮ್ಮ ಕಟ್ಟಡದಲ್ಲಿ ಹೆಲ್ಗಾ ಆಂಟಿ ಎದುರು ಫ್ಲ್ಯಾಟಿನಲ್ಲಿದ್ದರು. ಮಗಳು ಅನ್ನಾ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದಳು. ಜರ್ಮನಿ ತುಂಬ ಪುಟ್ಟ ಪುಟ್ಟ ಸಂಸ್ಥಾನಗಳಿದ್ದ ಕಾಲದಲ್ಲಿ ಆಂಟಿಯ ಹಿರಿಯರದ್ದೂ ಒಂದಿತ್ತಂತೆ. ಸಂಸ್ಥಾನ ಹೋಯಿತು, ಅರಮನೆ ಹೋಯಿತು, ದೊಡ್ಡ ಮನೆತನದ ಗುರುತಾಗಿ ಹೆಸರಿನ ನಡುವೆ ಒಂದು ‘ಫಾನ್’ ಉಳಿಯಿತು. ರಾಜವಂಶದವರೆಂದು ತಿಳಿದ ದಿನ ನಾನು ಹೊಸ ಸೀರೆ ಉಟ್ಟು ನೀರುದೋಸೆ ಕೊಡಲು ಹೋದೆ. ಬಾಗಿಲು ತೆರೆದ ಆಂಟಿಯ ಕೈಯಲ್ಲಿ ನೆಲ ಒರೆಸುವ ಬಟ್ಟೆಯಿತ್ತು.

ನನ್ನ ಮಗಳು ಶ್ರಾವ್ಯಾಗೆ ಆಗ ಹತ್ತು ವರ್ಷ. ಶಾಲೆಯ ಪ್ರದರ್ಶನಕ್ಕೆ ಯಾವುದಾದರೂ ರಾಜಮನೆತನದ ವಂಶವೃಕ್ಷ ಬರೆಯಬೇಕಿತ್ತು. ಆಂಟಿ ಗೋಡೆಯ ಪಟವನ್ನೇ ಇಳಿಸಿ ಕೊಟ್ಟರು. ದೊಡ್ಡ ಓಕ್ ಮರ. ಕೊಂಬೆಗೊಬ್ಬ ಗಂಡಸು, ಹೆಂಗಸರು ಬರೀ ಎಲೆಗಳು, ತುದಿಯಲ್ಲಿ ಮನೆತನದ ಲಾಂಛನವಿದ್ದ ಗುರಾಣಿ. ಶ್ರಾವ್ಯಾ ಮಾಡಿದ ನಕಲು ನೋಡಿ ಬೈದೆ.

“ಎಂತ ಮಾರಾಯ್ತಿ, ತುದಿಯ ಗುರಾಣಿ ತಲೆಕೆಳಗೆ ಬರೆದಿದ್ದಿ. ಅಳಿಸು.”

“ಅಮ್ಮಾ, ಪ್ಲೀಸ್. ಒರಿಜಿನಲ್‌ನಲ್ಲೇ ಹಾಗುಂಟು.”

ಹೌದು, ಹಾಗೇ ಇತ್ತು. ಆಂಟಿಯನ್ನೇ ಕೇಳಿದೆ.

“ವಂಶದ ಕೊನೆಯ ಗಂಡಸು ತೀರಿಕೊಂಡರೆ ಮನೆತನದ ಗುರಾಣಿಯನ್ನು ಹಾಗೆ ತಿರುಗಿಸುತ್ತಾರೆ,” ಎಂದರು. “ನನ್ನ ಅಪ್ಪನಿಗೆ ನಾನೊಬ್ಬಳೇ. ಮನೆ ಅಲ್ಲಿಗೆ ಮುಗಿಯಿತು.”

“ಮತ್ತೆ ಅನ್ನಾ?”

“ಅವಳು ಅವಳಪ್ಪನ ಮನೆಯವಳು.” ನಗುತ್ತಲೇ ಹೇಳಿದರು. ಆದರೆ ತಮ್ಮ ಎಲೆಯ ಪಕ್ಕದ ಖಾಲಿ ಜಾಗವನ್ನು ಬೆರಳಿನಿಂದ ಒರೆಸುತ್ತಲೇ ಇದ್ದರು.

ನನಗೆ ತಡೆಯಲಾಗಲಿಲ್ಲ. ಹರಕುಮುರುಕು ಇಂಗ್ಲಿಷಿನಲ್ಲೇ ಹೇಳಿದೆ: “ಆಂಟಿ, ಉಡುಪಿ ಕಡೆಯ ನಮ್ಮ ಜನರಲ್ಲಿ ಬಳಿ ಅಂತ ಉಂಟು, ಕುಲದ ಹೆಸರು. ಅದು ತಾಯಿಯಿಂದ ಬರುವುದು. ನನ್ನದು ನನ್ನಮ್ಮನ ಬಳಿ, ಶ್ರಾವ್ಯಾಳದ್ದು ನನ್ನದು. ಹೆಣ್ಣಿಲ್ಲದಿದ್ದರೆ ಮನೆ ಮುಗಿಯುವುದು. ನಮ್ಮಲ್ಲಾದರೆ ನೀವು ಎಲೆಯಲ್ಲ, ಕೊಂಬೆ.”

ಆಂಟಿ ಪಟವನ್ನು ಹತ್ತಿರಕ್ಕೆ ಎಳೆದುಕೊಂಡು ತಮ್ಮ ಎಲೆಯನ್ನು ಮತ್ತೆ ನೋಡಿದರು. ಆಡಿದ ಮಾತು ನನ್ನ ಕಿವಿಗೂ ಬಿದ್ದಿತ್ತು. ಶ್ರಾವ್ಯಾ ಹುಟ್ಟಿದ ಮೇಲೆ, ವಂಶ ಮುಂದುವರಿಯಲು ಒಂದು ಗಂಡು ಕೊಡು ಎಂದು ನಾಗನಿಗೆ ಹರಕೆ ಹೇಳಿ, ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟವಳು ನಾನೇ ತಾನೆ?

ಪ್ರದರ್ಶನದ ಹಿಂದಿನ ದಿನ ಆಂಟಿ ನಮ್ಮ ಊಟದ ಮೇಜಿಗೆ ಬಂದು ಕೂತು, “ರಬ್ಬರ್ ಕೊಡು,” ಎಂದು ಶ್ರಾವ್ಯಾಳನ್ನು ಕೇಳಿದರು. ಅವಳ ನಕಲಿನಲ್ಲಿದ್ದ ಗುರಾಣಿಯನ್ನು ಅಳಿಸಿ ತಾವೇ ನೆಟ್ಟಗೆ ಬರೆದರು. ತಮ್ಮ ಎಲೆಯನ್ನು ದಪ್ಪ ಕೊಂಬೆ ಮಾಡಿ, ಅದರ ತುದಿಗೆ ಅನ್ನಾಳ ಹೆಸರು ಹಾಕಿದರು. ಮರುದಿನ ಕೋಲೂರಿಕೊಂಡು ಶಾಲೆಗೂ ಬಂದರು.

“ಗಂಡಸರ ಕೊಂಬೆಗಳು ನಿಂತುಹೋದ ಮೇಲೆ ನಿಯಮದ ಪ್ರಕಾರ ಈ ಮನೆತನ ಮುಗಿದಿದೆಯಲ್ಲ?” ಎಂದು ಟೀಚರ್ ಕೇಳಿದರು.

“ಆ ಮನೆಯವಳು ನಾನು,” ಎಂದರು ಆಂಟಿ. “ಮುಗಿದಿಲ್ಲ.”

ಶ್ರಾವ್ಯಾ ಆ ದಿನ ನೆಟ್ಟಗೆ ನಿಂತಿದ್ದನ್ನು ನೀವು ನೋಡಬೇಕಿತ್ತು. ಇವರು ಮಾತ್ರ ಕಾರಿನಲ್ಲಿ, “ಅಂತೂ ಜರ್ಮನಿಗೂ ನಮ್ಮ ಅಳಿಯಸಂತಾನ ಪದ್ಧತಿ ಕಳಿಸಿಕೊಟ್ಟೆ,” ಎಂದು ಮನೆ ಬರುವವರೆಗೂ ನಕ್ಕರು.

ಮರುವರ್ಷ ಆಂಟಿ, ಅನ್ನಾ ಇಬ್ಬರೂ ಜರ್ಮನಿಗೆ ಮರಳಿದರು. ಇವತ್ತು ದೀಪ ಹಚ್ಚಿ ಲಕೋಟೆ ಒಡೆದರೆ ಒಂದು ಫೋಟೊ. ಆಂಟಿಯ ಮಡಿಲಲ್ಲಿ ಅನ್ನಾಳ ಹೆಣ್ಣುಕೂಸು. ಹಿಂದೆ ಗೋಡೆಯಲ್ಲಿ ಅದೇ ಹಳೆಯ ಪಟ; ಅದರಲ್ಲೂ ಗುರಾಣಿ ಈಗ ನೆಟ್ಟಗಿದೆ, ಎರಡು ಹೊಸ ಕೊಂಬೆಗಳಿವೆ. ಕೆಳಗೆ ಆಂಟಿಯ ಅಕ್ಷರ: “ಮನೆಯ ಹೊಸ ಯಜಮಾನಿ.”

ಗಣಪತಿಯ ಪಟದ ಹಿಂದೆ ಇಟ್ಟಿದ್ದ ಮುಡಿಪನ್ನು ಹೊರತೆಗೆದೆ. ಗಂಡು ಹುಟ್ಟಲಿಲ್ಲ; ಬಿಚ್ಚಲೂ ಆಗದೆ ಒಪ್ಪಿಸಲೂ ಆಗದೆ ಇಷ್ಟು ದಿನ ಅದು ಅಲ್ಲೇ ಕೂತಿತ್ತು. ಈ ರಜೆಗೆ ಊರಿಗೆ ಹೋದಾಗ ಶ್ರಾವ್ಯಾಳ ಕೈಯಿಂದಲೇ ನಾಗನಿಗೆ ಒಪ್ಪಿಸುತ್ತೇನೆ. ನನ್ನ ಹರಕೆ ಸಂದಿದೆ; ನಾನು ಹೇಳಿಕೊಳ್ಳುವ ಮೊದಲೇ, ಶ್ರಾವ್ಯಾ ಹುಟ್ಟಿದ ದಿನವೇ ಸಂದಿತ್ತು.